ಮಾಗಿಗೆ ಹೊರಟ ಶಾಲು

ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಡುವ ವಾಸನೆ ನೀಲಾಂಬಿಕೆಯವರ ಮೂಗಿನಲ್ಲಿ ಬಾಲ್ಯದಿಂದ ಹಾಗೆಯೇ ಕೂತಿತ್ತು. ಆ ಸುಟ್ಟ ಕಾಳಿನ ಸೀತನಿ ತಿನ್ನಲೆಂದೇ ಅವರು ರೈಲು ಹತ್ತಿದ್ದರು. ಋತುಗಳು ಊರೂರಿಗೆ ಬರುವುದನ್ನು ಬಿಟ್ಟು ಒಂದೊಂದು ಸ್ಟೇಷನ್ನಿನಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ವರ್ಷಕ್ಕೆ ಒಬ್ಬರಿಗೆ ಒಂದೇ ಋತುವಿನ ಪಾಸು, ಒಂದೇ ದಿನದ ಅಡ್ಡಾಟ.

ಚಳಿಗೆಂದು ಶಾಲನ್ನು ಮೊದಲೇ ಹೊದ್ದು ಕೂತದ್ದೇ ತಪ್ಪಾಯಿತು. ಬೆಚ್ಚಗಾಗಿ ನಿದ್ದೆ ಹತ್ತಿ, ಗಡಿಬಿಡಿಯಲ್ಲಿ ಇಳಿದರೆ ಮಾಗಿ ಸ್ಟೇಷನ್ ಹಿಂದೆ ಉಳಿದಿತ್ತು. ಎದುರಿಗೆ ಬೇಸಿಗೆಯ ರಣಬಿಸಿಲು, ಹೂ ಬಿಟ್ಟ ಬೇವಿನ ಮರ.

ಗೇಟಿನ ಮಾಬೂಬಿ ಪಾಸಿಗೆ ತೂತು ಹಾಕಲು ಕೈಚಾಚಿದಳು. ತೂತು ಬಿದ್ದರೆ ಈ ವರ್ಷದ ಮಾಗಿ ಮುಗಿದಂತೆ.

“ತಡಿಯವಾ ತಂಗಿ! ನಾ ಮಾಗಿಗೆ ಹೊಂಟಾಕಿ, ನಿದ್ದಿ ಹತ್ತಿಬಿಡ್ತು.”

ಮಾಬೂಬಿ ಶಾಲು ನೋಡಿ ನಕ್ಕಳು. “ಈ ಬಿಸಿಲಾಗ ಶಾಲು ಹೊದ್ದು ಇಳದವರು ಈ ವಾರ ನೀವ ನಾಕನೇದವರು, ಆಯಿ. ನಾ ನಿಮ್ಮನ್ನ ನೋಡೇ ಇಲ್ಲ, ತಗೋರಿ. ಹನ್ನೊಂದಕ್ಕ ತಿರುಗಿ ಹೋಗೋ ಗಾಡಿ ಐತಿ. ಮಧ್ಯಾಹ್ನದೊಳಗ ಜ್ವಾಳದ ಹೊಲದಾಗ ಇರ್ತೀರಿ.”

ನೀಲಾಂಬಿಕೆಯವರ ಎದೆ ಹಗುರಾಯಿತು. ತೂತಿಲ್ಲದ ಪಾಸನ್ನು ಸೆರಗಿನ ತುದಿಗೆ ಕಟ್ಟಿ, ಶಾಲು ಮಡಚಿ, ಬೇವಿನ ನೆರಳಿನಲ್ಲಿ ಕುಳಿತರು. ಮಾಬೂಬಿ ತನ್ನ ಬುತ್ತಿ ಬಿಚ್ಚಿದಳು. ಎರಡು ರೊಟ್ಟಿಯಲ್ಲಿ ಒಂದರ ಮೇಲೆ ಶೇಂಗಾ ಚಟ್ನಿ ಹಾಕಿ ಅವರ ಕೈಗಿಟ್ಟಳು.