ಪಂಪಿಗೆ ತೀರ್ಥ

"ಫಾದರ್, ನಿಲ್ಸಿ, ಕರೆಂಟಿದೆ!" ಎಂದು ಹಿರಿಯ ನರ್ಸ್ ಸ್ತೊಯಾಂಕಾ ಕೂಗುವಷ್ಟರಲ್ಲಿ ಪಾದ್ರಿ ಕ್ಲಿಮೆಂಟ್ ತೀರ್ಥದಲ್ಲಿ ಅದ್ದಿದ ಕಾಮಕಸ್ತೂರಿಯ ಕಟ್ಟನ್ನು ಬೀಸಿಯಾಗಿತ್ತು. ಪರೀಕ್ಷೆಗೆಂದು ಓಡುತ್ತಿದ್ದ, ರೋಗಿಗಳಿಗೆ ಔಷಧಿ ಹನಿಸುವ ಡ್ರಿಪ್ ಪಂಪು ಪೂರಾ ನೆನೆಯಿತು.

"ಹೊಸ ಟ್ರ್ಯಾಕ್ಟರಿಗೂ ಹೀಗೇ ಚಿಮುಕಿಸ್ತೀನಲ್ಲ, ಮಗಳೇ?" ಎಂದರು ಪಾದ್ರಿ.

"ಟ್ರ್ಯಾಕ್ಟರ್ ಮಳೇಲಿ ನಿಲ್ಲುತ್ತೆ! ಇದನ್ನ ಇನ್ನೂ ಕೊಂಡೇ ಇಲ್ಲ!"

ರೊಡೋಪಿ ಬೆಟ್ಟದ ಆ ಆಸ್ಪತ್ರೆಯ ಹಣಕ್ಕೆ ಹೊಸ ಪಂಪಾದರೆ ಒಂದು, ರಿಪೇರಿಯಾಗಿ ಬಂದ ಇಂಥದ್ದಾದರೆ ಆರು. ಮಕ್ಕಳ ವಾರ್ಡಿನಲ್ಲಿ ಆರು ಹಾಸಿಗೆ. ಆದರೂ "ಹಳೇದನ್ನ ನನ್ನ ಮಕ್ಕಳಿಗೆ ಹಾಕಲ್ಲ" ಎಂದು ಸ್ತೊಯಾಂಕಾ ಬೆಳಗಿನಿಂದ ಹಟ ಹಿಡಿದಿದ್ದಳು.

ಮಾರಲು ಬಂದವನ ಮುಖ ಬಿಳಿಚಿತು. ಪಂಪಿನ ಮೈಯಿಂದ ನೀರು ಸುರಿಯುತ್ತಿತ್ತು. ಕೊಳವೆಯ ಹನಿ ಮಾತ್ರ ಬಾಯಿಪಾಠದ ಪದ್ಯದಂತೆ ಲಯ ತಪ್ಪದೆ ಇಳಿಯುತ್ತಲೇ ಇತ್ತು. ಸ್ತೊಯಾಂಕಾ ಬಗ್ಗಿ ನೋಡಿದಳು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಉಳಿದ ಐದನ್ನೂ ಇಳಿಸಪ್ಪಾ!" ಎಂದು ಕೂಗಿದಳು. "ಫಾದರ್, ನೀವು ಹೋಗ್ಬೇಡಿ!"