ಮೊದಲ ಸಿಟ್ಟು

“ಹಸುಗೂಸನ್ನ ಮೂರು ದಿನದಿಂದ ತಣ್ಣಗ ಇಟ್ಟೀರಲ್ಲ, ಅದೇನು ಮಜ್ಜಿಗಿ ಗಡಿಗಿ ಏನ್ರೀ?” ಉಣ್ಣೆಯ ಕುಲಾವಿ ಹಿಡಿದು ಅಜ್ಜಿ ನೀಲವ್ವ ಗದರಿದಳು.

“ಹುಟ್ಟುವಾಗ ಉಸಿರು ಕಟ್ಟಿತ್ತು ಅಜ್ಜೀ. ಈಗ ಬೆಚ್ಚಗ ಮಾಡಿದ್ರ ಮಿದುಳಿಗೆ ಪೆಟ್ಟು,” ಎಂದಳು ನರ್ಸ್ ಶಾಹೀನ್.

ಮಗುವಿನ ತಲೆಯ ಮೇಲಿದ್ದ ಆಸ್ಪತ್ರೆಯ ಟೊಪ್ಪಿಗೆ ಎಂದಿನಂತೆ ಮಿದುಳು ಓದಿ ಹೇಳಿತು: “ಸಿಟ್ಟು ಇಲ್ಲ.” ಮೊದಲ ಸಿಟ್ಟು ಬಂದರೆ ಮಿದುಳು ಕ್ಷೇಮ. ಪಕ್ಕದ ತೊಟ್ಟಿಲುಗಳ ಕೂಸುಗಳಿಗೆಲ್ಲ ಬಂದಾಗಿತ್ತು.

“ನಮ್ಮ ಮನಿತನದಾಗ ಸಿಟ್ಟಿಲ್ಲದವರು ಹುಟ್ಟೇ ಇಲ್ಲ! ನಿಮ್ಮ ಟೊಪ್ಪಿಗೀನ ಕೆಟ್ಟೈತಿ!” ನೀಲವ್ವ ಮಗುವಿನ ಕಿವಿಯ ಹತ್ತಿರವೇ ಕಿರುಚಿದಳು.

“ಸಿಟ್ಟು ಬಂದಿದೆ,” ಎಂದಿತು ಟೊಪ್ಪಿಗೆ. “ಕಾರಣ: ಅಜ್ಜಿ.”

ಶಾಹೀನ್ ಕಣ್ಣೊರೆಸಿಕೊಳ್ಳುತ್ತಲೇ ಬಾಗಿಲು ತೋರಿಸಿದಳು. ನೀಲವ್ವ ಕುಲಾವಿಯನ್ನು ಅವಳ ಕೈಗಿಟ್ಟು, ಓಣಿಗೆಲ್ಲ ಸಕ್ಕರೆ ಹಂಚಲು ಹೋದವಳು ಅಂದು ತಿರುಗಿ ಬರಲೇ ಇಲ್ಲ.