ಹಣ್ಣಾದ ಹುಳ

"ಮ್ಯಾಲಕ್ಕೆ ನೋಡಿ ಅತ್ತೆ" ಎಂದು ರಾಜಮಣಿ ಚನ್ನಾಜಮ್ಮನ ರೆಪ್ಪೆ ಬಿಡಿಸಿದಳು. ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚಿನ ಕೊನೆಯ ಹನಿ.

"ಎಷ್ಟು ದಿನದಿಂದ ಮಂಜು ಅಜ್ಜಿ?" ನರ್ಸ್ ಕೇಳಿದಳು.

"ಎರಡು ವರ್ಸ ಆಯ್ತು ಕನವ್ವ."

ರಾಜಮಣಿಯ ಕೈ ಅಲ್ಲೇ ನಿಂತಿತು. ಹೋದ ವರ್ಷ ಅತ್ತೆ, ಗೂಡು ಕಟ್ಟುವಷ್ಟು ಹಣ್ಣಾದ ರೇಷ್ಮೆಹುಳುಗಳ ಜೊತೆ ಎಳೆಯವನ್ನೂ ಆಯ್ದು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟಿದ್ದಳು. ಅವು ಗೂಡು ಕಟ್ಟದೆ ಸತ್ತಾಗ, "ಉಣ್ಣಕ್ಕೆ ಮಾತ್ರ ಕಣ್ಣು ಕಾಣ್ತವಾ ನಿಮ್ಗೆ?" ಎಂದು ಇವಳು ಮಾಂಬಳ್ಳಿಯ ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು. ಅಂದಿನಿಂದ ಅತ್ತೆ ಹುಳುಮನೆಯ ಹೊಸಿಲು ತುಳಿದಿರಲಿಲ್ಲ.

"ಇವತ್ತು ಹುಳಕ್ಕೆ ಸೊಪ್ಪು ಹಾಕೋರ್ಯಾರು?" ಚನ್ನಾಜಮ್ಮ ಕೇಳಿದಳು.

"ಪಕ್ಕದ್ಮನೆ ಪವಿತ್ರ ಅವ್ಳೆ. ಯೋಚ್ನೆ ಮಾಡ್ಬ್ಯಾಡಿ."

ಚನ್ನಾಜಮ್ಮ ಸೊಸೆಯ ಕೈಯನ್ನು ತಡವಿ ಹಿಡಿದು, ದನಿ ತಗ್ಗಿಸಿದಳು.

"ಕಣ್ಣು ಬಂದ್ಮೇಲೆ ಹುಳ ಆಯಕ್ಕೆ ಬುಡ್ತೀಯಾ ಕೂಸೇ?"